ಮನೆಯಲ್ಲೇ ಇರಿ ಅಂದರು, ನಮಗೆ ವಾರಕ್ಕೆ ಮೂರು ಸಲ ಹೊರಡಲೇಬೇಕಿತ್ತು

ಕೊರೊನಾ ಬಂದಾಗ ಟಿವಿಯಲ್ಲಿ, ಫೋನ್ ಹಚ್ಚಿದರೆ ಫೋನಿನಲ್ಲಿ, ಊರಲ್ಲಿ ತಿರುಗುವ ಆಟೋದ ಮೈಕಿನಲ್ಲಿ ಎಲ್ಲ ಕಡೆ ಒಂದೇ ಮಾತು. ಮನೆಯಲ್ಲೇ ಇರಿ. ಬಿಸಿನೀರು ಜಾಸ್ತಿ ಕುಡಿಯಿರಿ. ನಿಂಬೆಹಣ್ಣು, ಕಿತ್ತಳೆ ತಿನ್ನಿ. ಸುಮ್ನೆ ದವಾಖಾನೆ ಕಡೆ ಹೋಗಬೇಡಿ. ಡಯಾಲಿಸಿಸ್ ಮೇಲಿರುವವರಿಗೆ, ಅಂದರೆ ಕಿಡ್ನಿ ಕೆಟ್ಟು ಮಷೀನಿನಿಂದ ರಕ್ತ ಶುದ್ಧ ಮಾಡಿಸಿಕೊಳ್ಳುವವರಿಗೆ, ಇದರಲ್ಲಿ ಒಂದೂ ಆಗಿಬರುವುದಿಲ್ಲ. ಮನೆಯಲ್ಲಿ ಕೂತರೆ ಮೈಯೊಳಗೆ ಕಲ್ಮಶ ಏರುತ್ತದೆ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೊದಲು ಕಾಲಿಗೆ ಇಳಿದು ಆಮೇಲೆ ಎದೆಯಲ್ಲಿ ತುಂಬುತ್ತದೆ. ಕಿತ್ತಳೆಯಲ್ಲಿ ಪೊಟ್ಯಾಸಿಯಂ ಇದೆ, ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಇನ್ನು ದವಾಖಾನೆ ಅಂದರೆ ನಮಗೆ ವಾರಕ್ಕೆ ಮೂರು ಸಲದ ಪಾಳಿ. ಹಬ್ಬ ಇರಲಿ, ಹರತಾಳ ಇರಲಿ, ಲಾಕ್‌ಡೌನ್ ಇರಲಿ, ತಪ್ಪಿಸುವ ಹಾಗಿಲ್ಲ.

ನಾನು ಕಮಲಾಪುರದವನು. ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಶುಗರ್, ಬಿಪಿ ಎರಡೂ ಸೇರಿ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಗುರುವಾರ, ಶನಿವಾರ ಕಲಬುರಗಿಗೆ ಹೋಗಿ ನಾಲ್ಕು ತಾಸು ಮಷೀನಿಗೆ ಕೈ ಕೊಟ್ಟು ಮಲಗುವುದು ನನ್ನ ಕೆಲಸ. ಬಸ್ಸಿನಲ್ಲಿ ಹೋದರೆ ಒಂದು ತಾಸಿನ ದಾರಿ. ಕೊರೊನಾ ಬರುವ ತನಕ ಇದು ಒಂದು ಲೆಕ್ಕಕ್ಕೆ ಕೂತುಬಿಟ್ಟಿತ್ತು. ಬೆಳಗಿನ ಬಸ್ಸು, ಮೊದಲ ಶಿಫ್ಟು, ಮಧ್ಯಾಹ್ನಕ್ಕೆ ವಾಪಸ್.

ನಮ್ಮ ಕಡೆ ಭಯ ಬೇರೆಯವರಿಗಿಂತ ಮೊದಲೇ ಬಂತು. ದೇಶದಲ್ಲಿ ಕೊರೊನಾದಿಂದ ತೀರಿಕೊಂಡವರಲ್ಲಿ ಮೊದಲನೆಯವರು ಕಲಬುರಗಿಯವರೇ. ಸೌದಿಯಿಂದ ವಾಪಸ್ ಬಂದಿದ್ದ 76 ವರ್ಷದ ಹಿರಿಯರು. 2020ರ ಮಾರ್ಚ್ 10ರಂದು ಹೋದರು, ಸೋಂಕು ಇತ್ತು ಅಂತ ಗೊತ್ತಾಗಿದ್ದು ಎರಡು ದಿನ ಬಿಟ್ಟು. ದೇಶಕ್ಕೆಲ್ಲ ಲಾಕ್‌ಡೌನ್ ಸಾರಿದ್ದು ಮಾರ್ಚ್ 24ರ ರಾತ್ರಿ. ಅದಕ್ಕೂ ಮೊದಲೇ ಸೂಪರ್ ಮಾರ್ಕೆಟ್ ಅಂತ ಕರೆಯುವ ನಮ್ಮ ಕಲಬುರಗಿ ಪೇಟೆ ಭಣಭಣ ಅನ್ನುತ್ತಿತ್ತು. ಬೆಂಗಳೂರಿನಲ್ಲಿರುವ ನೆಂಟರು ಫೋನ್ ಮಾಡಿ, ಸ್ವಲ್ಪ ದಿನ ಕಲಬುರಗಿಗೆ ಹೋಗಬೇಡಿ ಅಂದರು. ಹೋಗದೆ ಏನು ಮಾಡಲಿ?

ಒಂದು ಮಾತು ಹೇಳಬೇಕು. ಸೋಂಕಿನ ಹೆದರಿಕೆ ಡಯಾಲಿಸಿಸ್‌ನವರಿಗೆ ಹೊಸದಲ್ಲ. ರಕ್ತ ಹೊರಗೆ ಬಂದು ಮತ್ತೆ ಒಳಗೆ ಹೋಗುವ ಜಾಗ ಅದು. ಲಿವರ್ ಕೆಡಿಸುವ ಹೆಪಟೈಟಿಸ್ ಬಿ, ಸಿ ಒಬ್ಬರಿಂದ ಒಬ್ಬರಿಗೆ ದಾಟುವ ಭಯ ಯಾವಾಗಲೂ ಇದ್ದೇ ಇದೆ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡುತ್ತಾರೆ, ಹೆಪಟೈಟಿಸ್ ಬಿ ಪಾಸಿಟಿವ್ ಇದ್ದವರಿಗೆ ಬೇರೆ ಮಷೀನ್ ಇಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯನ್ನು ನಮಗೆ ಬೇರೆಯವರಿಗಿಂತ ದುಪ್ಪಟ್ಟು ಪ್ರಮಾಣದಲ್ಲಿ, ನಾಲ್ಕು ಸಲ ಚುಚ್ಚುತ್ತಾರೆ, ಯಾಕಂದರೆ ಕಿಡ್ನಿ ಹೋದವರ ಮೈ ಲಸಿಕೆಗೆ ಬೇಗ ಸ್ಪಂದಿಸುವುದಿಲ್ಲ. ಸಿಸ್ಟರ್ ಒಬ್ಬರ ಕೈ ಮುಟ್ಟಿ ಇನ್ನೊಬ್ಬರ ಕೈ ಮುಟ್ಟುವಾಗ ಗ್ಲೌಸ್ ಬದಲಿಸಿದರೋ ಇಲ್ಲವೋ ಅಂತ ನೋಡುವ ಕಣ್ಣು ನಮಗೆ ಮೊದಲಿನಿಂದಲೂ ಇದೆ.

ಆದರೆ ಕೊರೊನಾ ರಕ್ತದ ರೋಗವಲ್ಲ, ಗಾಳಿಯದು. ಅಲ್ಲೇ ಎಲ್ಲ ತಲೆಕೆಳಗಾಯಿತು. ಮಷೀನ್, ಸೂಜಿ, ಟ್ಯೂಬ್ ಇವನ್ನೆಲ್ಲ ನೋಡಿಕೊಳ್ಳುವುದು ಅಲ್ಲಿನವರಿಗೆ ಗೊತ್ತಿತ್ತು. ನಿಜವಾದ ಅಪಾಯ ಇದ್ದದ್ದು ಬಾಗಿಲ ಹೊರಗಿನ ಬೆಂಚಿನ ಮೇಲೆ. ನಾವು ಹೋಗುವ ಗಾಡಿಯಲ್ಲಿ. ಊಟದ ಡಬ್ಬಿಯಲ್ಲಿ. ಜೊತೆಗೆ ಬಂದವರಲ್ಲಿ. ಇದನ್ನು ಸಂಬಂಧಪಟ್ಟವರು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಟೈಮ್ ಹಿಡಿಯಿತು. ನನಗೆ ಬೇಗ ಹೊಳೆಯಿತು ಅಂದರೆ ಕಾರಣ ಇಷ್ಟೇ, ಆ ಬೆಂಚಿನ ಮೇಲೆ ಕೂತು ಕೂತು ನನಗೆ ಅದರ ಪರಿಚಯ ಚೆನ್ನಾಗಿತ್ತು.

ಆ ಬೆಂಚನ್ನು ನೋಡಬೇಕು ನೀವು. ನಾಲ್ಕು ಜನರ ಬೆಂಚಿನ ಮೇಲೆ ಆರು ಜನ. ಮೊದಲ ಶಿಫ್ಟಿನವರ ಸೂಜಿ ತೆಗೆಯುತ್ತಿರುತ್ತಾರೆ, ಎರಡನೇ ಶಿಫ್ಟಿನವರು ಬಂದು ಕೂತಿರುತ್ತಾರೆ. ಆಳಂದ, ಅಫಜಲಪುರ, ಚಿತ್ತಾಪುರ ಅಂತ ದೂರದೂರದಿಂದ ಬರುವವರು ಬಸ್ಸಿನ ಟೈಮಿಗೆ ಬರುತ್ತಾರೆ, ಶಿಫ್ಟಿನ ಟೈಮಿಗಲ್ಲ. ಒಬ್ಬ ಪೇಷಂಟಿಗೆ ಇಬ್ಬರು ಮೂವರು ಜೊತೆಗಾರರು. ನೆಲದ ಮೇಲೆ ಚಾಪೆ, ರೊಟ್ಟಿ ಗಂಟು, ನೀರಿನ ಕ್ಯಾನು. ರಕ್ತದಲ್ಲಿ ಕಲ್ಮಶ ಎಷ್ಟಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎಷ್ಟು ಅಂತ ಒಬ್ಬರನ್ನೊಬ್ಬರು ಕೇಳುವುದು, ಹಿಮೋಗ್ಲೋಬಿನ್ ಇಂಜೆಕ್ಷನ್ ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಹೇಳುವುದು. ಖರೇ ಹೇಳಬೇಕಂದರೆ ನನಗೆ ಆ ಬೆಂಚು ಇಷ್ಟವಾಗಿತ್ತು. ಡಾಕ್ಟರ್ ಹೇಳದ ಎಷ್ಟೋ ವಿಷಯ ಅಲ್ಲಿ ಕಲಿತಿದ್ದೇನೆ. ಕೊರೊನಾ ಬಂದಾಗ ಮೊದಲು ಬಿಡಬೇಕಾಗಿ ಬಂದದ್ದೂ ಅದನ್ನೇ.

ಲಾಕ್‌ಡೌನಿನ ಮೊದಲ ವಾರಗಳಲ್ಲಿ ನಾನು ಹೋಗುತ್ತಿದ್ದ ಕಡೆ ಬಾಗಿಲಲ್ಲಿ ಒಬ್ಬ ಹುಡುಗ ಥರ್ಮಲ್ ಗನ್ ಹಿಡಿದು ನಿಲ್ಲುತ್ತಿದ್ದ, ಅಷ್ಟೇ. ಹಣೆಗೆ ಹಿಡಿಯುವುದು, ಒಳಗೆ ಬಿಡುವುದು. ಬಿಸಿಲಲ್ಲಿ ಬಂದವರ ಹಣೆ ಸುಡುತ್ತಿರುತ್ತದೆ, ಡಯಾಲಿಸಿಸ್ ಪೇಷಂಟಿಗೆ ಸೋಂಕು ಇದ್ದರೂ ಎಷ್ಟೋ ಸಲ ಜ್ವರ ಏರುವುದೇ ಇಲ್ಲ. ಒಳಗೆ ಅದೇ ಬೆಂಚು, ಅದೇ ಆರು ಜನ. ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಡಯಾಲಿಸಿಸ್‌ಗೆಂದೇ ಬೇರೆ ಮಾರ್ಗಸೂಚಿ ಹೊರಡಿಸಿತು. ಒಳಗೆ ಬಿಡುವ ಮೊದಲೇ ಕೆಮ್ಮು ಜ್ವರ ವಿಚಾರಿಸಬೇಕು, ಪೇಷಂಟುಗಳ ನಡುವೆ ಅಂತರ ಇರಬೇಕು, ಅನುಮಾನ ಇದ್ದವರಿಗೆ ಬೇರೆ ಕಡೆ ಅಥವಾ ಕೊನೆಯ ಶಿಫ್ಟಿನಲ್ಲಿ ಮಾಡಬೇಕು ಅಂತ. ಕಾಗದ ಬಂತು, ಬೆಂಚು ಮಾತ್ರ ಇದ್ದಲ್ಲೇ ಇತ್ತು.

ನಾವು ಕೆಲವರು ಸೇರಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿದೆವು. ಜಗಳ ಏನೂ ಮಾಡಲಿಲ್ಲ. "ಸಿಸ್ಟರ್, ನಾವು ಹೊರಗ ಬೇವಿನ ಗಿಡದ ಬುಡಕ್ಕ ಕೂಡ್ತೀವ್ರೀ. ಬೆಡ್ ಖಾಲಿ ಆದ್ ಮ್ಯಾಲ ಒಂದ್ ಮಿಸ್ಡ್ ಕಾಲ್ ಕೊಡ್ರಿ, ಒಬ್ಬೊಬ್ರೇ ಬರ್ತೀವಿ." ಅವರಿಗೂ ಅದೇ ಬೇಕಾಗಿತ್ತು ಅನಿಸುತ್ತದೆ. ಮರುದಿನವೇ ಬೆಂಚು ಎತ್ತಿಸಿ ಹೊರಗೆ ಇಡಿಸಿದರು. ಜೊತೆಗಾರರು ಒಬ್ಬರೇ, ಅವರೂ ಹೊರಗೆ. ಎರಡು ಶಿಫ್ಟಿನ ನಡುವೆ ಅರ್ಧ ತಾಸು ಬಿಟ್ಟು ಬೆಡ್, ಮಷೀನಿನ ಮೈ, ಬಿಪಿ ಪಟ್ಟಿ, ತೂಕದ ಯಂತ್ರ ಎಲ್ಲ ಒರೆಸುವುದು ಶುರುವಾಯಿತು. ದೊಡ್ಡ ಖರ್ಚಿನ ಕೆಲಸ ಯಾವುದೂ ಅಲ್ಲ ನೋಡಿ.

ಇನ್ನು ದಾರಿಯ ಕಥೆ. ಬಸ್ಸು ನಿಂತಿತು. ತಮ್ಮನ ಮಗ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ. ಅವನು ದಿನವೂ ನಮ್ಮ ಅಂಗಡಿಯಲ್ಲಿ ಕೂಡುತ್ತಿದ್ದ ಹುಡುಗ. ಕಿರಾಣಿ ಅಂಗಡಿ ತೆರೆಯಲು ಅನುಮತಿ ಇತ್ತು, ಊರಿನ ಅರ್ಧ ಜನ ಅಲ್ಲಿಗೇ ಬರುತ್ತಿದ್ದರು. ನನ್ನ ಹೆಂಡತಿ ಅವತ್ತೇ ಒಂದು ಕಾನೂನು ಮಾಡಿದಳು. ಗಾಡಿ ಹೊಡೆಯುವವನು ಅಂಗಡಿಯಲ್ಲಿ ಕೂಡಬಾರದು, ಅಂಗಡಿಯಲ್ಲಿ ಕೂಡುವವನು ನನ್ನ ಹತ್ತಿರ ಬರಬಾರದು. ಮಗ ಅಂಗಡಿ ಹಿಡಿದ, ಅವನ ಹಾಸಿಗೆ ಮೇಲಿನ ಕೋಣೆಗೆ ಹೋಯಿತು. ಒಂದೇ ಮನೆಯಲ್ಲಿ ಅಪ್ಪ ಮಗ ಅಂಗಳದ ಆ ಕಡೆ ಈ ಕಡೆ ನಿಂತು ಮಾತಾಡುತ್ತಿದ್ದೆವು. ನಮಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಕಾನೂನೇ. ಸ್ಯಾನಿಟೈಜರ್ ಬಾಟಲಿ ಎಲ್ಲರೂ ಕೊಂಡರು, ಮನೆಯೊಳಗೆ ಯಾರು ಯಾರ ಹತ್ತಿರ ಬರಬೇಕು ಅನ್ನುವುದನ್ನು ಕೂತು ಯೋಚಿಸಿದವರು ಕಡಿಮೆ.

ಬೈಕಿನ ಮೇಲೆ ಹೋಗುವಾಗ ತೊಂದರೆ ಇಲ್ಲ. ಬೆಳಗಿನ ಹೊತ್ತು, ತಂಪು. ಬರುವಾಗಿನದು ಕಷ್ಟ. ಮೇ ತಿಂಗಳ ಮಧ್ಯಾಹ್ನ, 42-43 ಡಿಗ್ರಿ. ಮೈಯಿಂದ ಎರಡು ಮೂರು ಲೀಟರ್ ನೀರು ತೆಗೆದಿರುತ್ತಾರೆ, ಬಿಪಿ ಇಳಿದಿರುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ಹಿಂದೆ ಕೂತವನು ತೂಕಡಿಸಿದರೆ ಮುಗಿಯಿತು. ಅದಕ್ಕೆ ಡಯಾಲಿಸಿಸ್ ಮುಗಿದ ಮೇಲೆ ಅದೇ ಬೇವಿನ ಗಿಡದ ಕೆಳಗೆ ಅರ್ಧ ತಾಸು ಕೂತು, ಮಹಾಗಾಂವ್ ಕ್ರಾಸ್‌ನಲ್ಲಿ ಇನ್ನೊಮ್ಮೆ ಇಳಿದು ಬರುತ್ತಿದ್ದೆವು. ಜೂನ್ ಹೊತ್ತಿಗೆ ನಮ್ಮ ಕಡೆಯ ಇಬ್ಬರು ಪೇಷಂಟುಗಳ ಜೊತೆ ಸೇರಿ ಒಂದು ಜೀಪು ಗೊತ್ತು ಮಾಡಿಕೊಂಡೆವು. ಕಿಟಕಿ ಎಲ್ಲ ತೆರೆದಿರಬೇಕು, ಮಾಸ್ಕ್ ತೆಗೆಯಬಾರದು, ದಾರಿಯಲ್ಲಿ ಬೇರೆ ಯಾರನ್ನೂ ಹತ್ತಿಸಬಾರದು ಅಂತ ಡ್ರೈವರಿಗೆ ಮೊದಲೇ ಹೇಳಿದ್ದೆವು. ಮೂರನೆಯ ಮಾತಿಗೆ ಅವನು ಬಾಡಿಗೆ ಜಾಸ್ತಿ ಕೇಳಿದ. ಕೊಟ್ಟೆವು.

ಪೊಲೀಸರ ವಿಷಯ ಹೇಳಲೇಬೇಕು. ಹುಮನಾಬಾದ್ ರಿಂಗ್ ರೋಡ್ ಹತ್ತಿರ ಬ್ಯಾರಿಕೇಡ್. ನನ್ನ ಹತ್ತಿರ ಡಯಾಲಿಸಿಸ್ ಕಾರ್ಡು, ಡಾಕ್ಟರ್ ಚೀಟಿ ಎಲ್ಲ ಇತ್ತು. ಆದರೂ ಒಂದು ದಿನ ಹೊಸ ಪೊಲೀಸಪ್ಪ ಒಬ್ಬರು ತಡೆದರು.

"ಎಲ್ಲಿಗಿ ಹೊಂಟೀರಿ?"

"ಡಯಾಲಿಸಿಸ್ಸಿಗ್ರೀ ಸಾಹೇಬ್ರ."

"ಮೊನ್ನಿನೂ ಇದೇ ಗಾಡಿ ನೋಡೀನಿ. ವಾರದಾಗ ಎಷ್ಟ್ ಸಲ ಆರಾಮ ತಪ್ಪತದ ನಿಮಗ?"

ನಗು ಬಂತು, ಆದರೆ ನಗುವ ಹೊತ್ತಲ್ಲ. ಅಂಗಿಯ ಎಡಗೈ ತೋಳು ಮೇಲೆ ಸರಿಸಿ ತೋರಿಸಿದೆ. ಫಿಸ್ಟುಲಾ ನೋಡದವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಡಯಾಲಿಸಿಸ್ ಸೂಜಿ ಚುಚ್ಚಲು ಅಂತ ರಕ್ತನಾಳ ಎರಡನ್ನು ಆಪರೇಶನ್ ಮಾಡಿ ಕೂಡಿಸಿರುತ್ತಾರೆ, ವರ್ಷ ಕಳೆದಂತೆ ಅದು ಮೊಣಕೈ ತನಕ ಉಬ್ಬಿಕೊಳ್ಳುತ್ತದೆ. ಸೂಜಿ ಚುಚ್ಚಿ ಚುಚ್ಚಿ ಮೇಲೆಲ್ಲ ಕಪ್ಪು ಗಾಯದ ಗುರುತು. ಹಿಂದಿನ ಸಲದ ಪ್ಲಾಸ್ಟರಿನ ಅಂಟು ಇನ್ನೂ ಹೋಗಿರಲಿಲ್ಲ. ಆತ ಮುಟ್ಟಲಿಲ್ಲ, ಆರಡಿ ದೂರದಿಂದಲೇ ಬಗ್ಗಿ ನೋಡಿದರು.

"ಇದು ಕುಣೀಲಕತ್ತದಲ್ರೀ!"

"ಹೌದ್ರೀ, ರಕ್ತ ಜೋರಾಗಿ ಹರೀತದ. ಕೈಯಿಟ್ರ ಗುರ್ ಅಂತದ."

ಒಂದು ಗಳಿಗೆ ಸುಮ್ಮನಿದ್ದು ಬ್ಯಾರಿಕೇಡ್ ತಾವೇ ಎಳೆದರು. ಆಮೇಲೆ ಅಲ್ಲಿ ನಮ್ಮ ಗಾಡಿ ಯಾರೂ ನಿಲ್ಲಿಸಲಿಲ್ಲ. ಕಾರ್ಡಿಗಿಂತ ಕೈ ಜಾಸ್ತಿ ಕೆಲಸ ಮಾಡಿತು.

ಒಳಗಿನ ಕ್ರಮ ಹೀಗಿತ್ತು. ಹಿಂದಿನ ದಿನ ಸಂಜೆ ಸಿಸ್ಟರ್ ಫೋನ್ ಮಾಡುತ್ತಿದ್ದರು. ಜ್ವರ ಇದೆಯಾ, ಕೆಮ್ಮು, ಭೇದಿ, ಮನೆಯಲ್ಲಿ ಯಾರಿಗಾದರೂ ಇದೆಯಾ, ಹೊರಗಿನಿಂದ ಯಾರಾದರೂ ಬಂದಿದ್ದಾರಾ. ಮುಂಬೈ, ಪುಣೆಯಿಂದ ಜನ ವಾಪಸ್ ಬರುತ್ತಿದ್ದ ಕಾಲ ಅದು, ಕೊನೆಯ ಪ್ರಶ್ನೆಗೆ ಕೆಲವರು ಸುಳ್ಳು ಹೇಳುತ್ತಿದ್ದರು. ಪಾಳಿ ತಪ್ಪುತ್ತದೆ ಅನ್ನುವ ಭಯ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಆದರೆ ಪಕ್ಕದ ಬೆಡ್ಡಿನವನಾಗಿ ಸಿಟ್ಟು ಬರುತ್ತಿತ್ತು. ಬಾಗಿಲಲ್ಲಿ ಎರಡೂ ಕೈ ಮೊಣಕೈ ತನಕ ಸೋಪು ಹಚ್ಚಿ ತೊಳೆಯಬೇಕು. ಫಿಸ್ಟುಲಾ ಕೈಗೆ ಇದು ಯಾವತ್ತೂ ಬೇಕಾದದ್ದೇ, ಚರ್ಮದ ಮೇಲಿನ ಹೊಲಸು ಸೂಜಿಯ ಜೊತೆ ರಕ್ತಕ್ಕೆ ಹೋಗಬಾರದು ಅಂತ. ಮೊದಲೆಲ್ಲ ಅರ್ಧ ಜನ ತೊಳೆಯುತ್ತಿರಲಿಲ್ಲ. ಕೊರೊನಾ ಎಲ್ಲರ ಕೈ ತೊಳೆಸಿತು.

ನಾಲ್ಕು ತಾಸು ಮಾಸ್ಕ್ ಹಾಕಿ ಮಲಗುವುದು ಸುಲಭವಲ್ಲ. ನಿದ್ದೆ ಬಂದಾಗ ಜಾರುತ್ತದೆ. ಒಂದು ಕೈ ಮಷೀನಿಗೆ ಕಟ್ಟಿದೆ, ಇನ್ನೊಂದಕ್ಕೆ ಬಿಪಿ ಪಟ್ಟಿ. ಸಿಸ್ಟರ್ ಓಡಾಡುತ್ತ ಒಬ್ಬೊಬ್ಬರದೂ ಮೂಗಿನ ಮೇಲೆ ಎಳೆಯುತ್ತಿದ್ದರು. ಗಾಳಿ ತಿರುಗಾಡಲಿ ಅಂತ ಎಸಿ ಬಂದ್ ಮಾಡಿ ಕಿಟಕಿ ತೆಗೆಸಿದ್ದರು. ಆ ಬಿಸಿಯಲ್ಲಿ ಟೆಕ್ನಿಷಿಯನ್ ಹುಡುಗರು ಮೈತುಂಬ ಪ್ಲಾಸ್ಟಿಕ್ ಗೌನ್, ಎರಡು ಜೊತೆ ಗ್ಲೌಸ್, ಮುಖಕ್ಕೆ ಶೀಲ್ಡ್ ಹಾಕಿ ಕೆಲಸ ಮಾಡುತ್ತಿದ್ದರು. ಶೀಲ್ಡಿನ ಒಳಗೆ ಉಸಿರಿನ ಮಂಜು. ಡಯಾಲಿಸಿಸ್ ಸೂಜಿ ಸಲೈನ್ ಸೂಜಿಯ ಹಾಗಲ್ಲ, ದಪ್ಪ. ನಮ್ಮ ಟೆಕ್ನಿಷಿಯನ್ ಚುಚ್ಚುವ ಮುಂಚೆ ತಲೆ ಒಂದು ಕಡೆ ವಾಲಿಸಿ, ಶೀಲ್ಡಿನಲ್ಲಿ ಮಂಜಿಲ್ಲದ ಒಂದು ಕಿಂಡಿ ಹುಡುಕಿ, ಅದರಿಂದ ನೋಡುತ್ತ ಚುಚ್ಚುತ್ತಿದ್ದ. ಎರಡು ಬೆರಳಿನಿಂದ ನಾಳ ತಡವಿ, "ಸಿಕ್ತು ಕಾಕಾ, ಅಲುಗಾಡಬ್ಯಾಡ್ರಿ" ಅನ್ನುತ್ತಿದ್ದ. ಅವನ ಮೊಣಕೈಯಿಂದ ಬೆವರು ತೊಟ್ಟಿಕ್ಕುವುದು ಕಾಣುತ್ತಿತ್ತು. ಅವರಿಗೆ ಚಪ್ಪಾಳೆ ತಟ್ಟಿದ್ದು ಒಳ್ಳೆಯದೇ, ಸಂಬಳ ಟೈಮಿಗೆ ಆಗಿದ್ದರೆ ಇನ್ನೂ ಒಳ್ಳೆಯದಿತ್ತು.

ಡಬ್ಬಿಯ ವಿಷಯ. ಡಯಾಲಿಸಿಸ್ ನಡೆಯುವಾಗ ತಿನ್ನುವುದು ನಮ್ಮಲ್ಲಿ ಎಲ್ಲರ ರೂಢಿ. ಎರಡನೇ ತಾಸಿಗೆ ಸುಸ್ಲಾ, ಉಪ್ಪಿಟ್ಟು, ಇಡ್ಲಿ ಡಬ್ಬಿ ತೆರೆಯುತ್ತವೆ. ಅಂದರೆ ಒಂದೇ ಹಾಲಿನಲ್ಲಿ ಎಂಟು ಹತ್ತು ಜನ ಒಂದೇ ಹೊತ್ತಿಗೆ ಮಾಸ್ಕ್ ತೆಗೆದು ಬಾಯಿ ಆಡಿಸುತ್ತ ಮಾತಾಡುವುದು. ಡಾಕ್ಟರ್ ಡಬ್ಬಿ ಬಂದ್ ಮಾಡಿಸಿದರು. ಮಷೀನ್ ಮೇಲೆ ತಿಂದರೆ ಬಿಪಿ ಬೀಳುವುದೂ ಉಂಟು, ಹಾಗಾಗಿ ಅದು ಬಂದ್ ಆಗಿದ್ದೇ ಒಳ್ಳೆಯದಾಯಿತು. ನನಗೆ ಶುಗರ್ ಇರುವುದರಿಂದ ಮನೆಯಲ್ಲೇ ಒಂದು ರೊಟ್ಟಿ, ಪಲ್ಯ ತಿಂದು ಹೊರಡುತ್ತಿದ್ದೆ. ಕಿಸೆಯಲ್ಲಿ ಎರಡು ಬಿಸ್ಕೀಟು. ಶುಗರ್ ಇಳಿದರೆ ಮಾತ್ರ, ಅದೂ ಮುಖ ಗೋಡೆ ಕಡೆ ತಿರುಗಿಸಿ.

ಒಂದು ಗುರುವಾರ ಎದುರಿನ ಬೆಡ್ಡಿನ ಹೆಣ್ಣುಮಗಳಿಗೆ ಮಷೀನ್ ಹಚ್ಚಿ ಸ್ವಲ್ಪ ಹೊತ್ತಿಗೆ ನಡುಕ ಶುರುವಾಯಿತು. ಹಲ್ಲು ಕಟಕಟ, ಮಂಚವೇ ಅಲುಗಾಡುತ್ತಿತ್ತು. ಜ್ವರ 102. ಇಡೀ ಹಾಲ್ ಗಪ್ಪಾಯಿತು. ಎಲ್ಲರ ಕಣ್ಣಲ್ಲೂ ಒಂದೇ ಮಾತು, ಬಾಯಿಬಿಟ್ಟು ಅಂದವರಿಲ್ಲ. ಆಕೆಗೆ ಇನ್ನೂ ಫಿಸ್ಟುಲಾ ಆಗಿರಲಿಲ್ಲ, ಕುತ್ತಿಗೆಯಲ್ಲಿ ಲೈನ್ ಇತ್ತು, ಅಂದರೆ ಮಷೀನಿಗೆ ಹಚ್ಚಲು ರಕ್ತನಾಳದೊಳಗೆ ಕೂರಿಸಿದ ಟ್ಯೂಬ್. ಲೈನಿಗೆ ಸೋಂಕು ತಗುಲಿದರೆ ಮಷೀನ್ ಹಚ್ಚಿದ ಕೂಡಲೇ ಹೀಗೇ ನಡುಗುತ್ತಾರೆ. ಕೊನೆಗೆ ಅದೇ ಆಗಿತ್ತು, ಲೈನ್ ತೆಗೆದು ಬೇರೆ ಹಾಕಿದರು. ಆದರೆ ರಕ್ತದ ರಿಪೋರ್ಟು, ಸ್ವ್ಯಾಬ್ ರಿಪೋರ್ಟು ಬರುವ ತನಕ ಆಕೆಯ ಗಂಡನ ಹತ್ತಿರ ಬೇವಿನ ಗಿಡದ ಕೆಳಗೂ ಯಾರೂ ನಿಲ್ಲಲಿಲ್ಲ. ಕೊರೊನಾ ಗಲಾಟೆಯಲ್ಲಿ ಜನ ಹಳೆಯ ಸೋಂಕುಗಳನ್ನು ಮರೆತುಬಿಟ್ಟಿದ್ದರು, ಅವು ಮಾತ್ರ ನಮ್ಮನ್ನು ಮರೆತಿರಲಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಪೇಚು. ಹೊರಗಿನಿಂದ ಬಂದವರು ಸೀದಾ ಸ್ನಾನಕ್ಕೆ ಹೋಗಬೇಕು ಅಂತ ನಿಯಮ. ಆದರೆ ಸೂಜಿ ತೆಗೆದ ಜಾಗ ಕೆಲವು ತಾಸು ತೋಯಿಸುವಂತಿಲ್ಲ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಟ್ಟಿರುತ್ತಾರೆ, ಪ್ಲಾಸ್ಟರ್ ಸಡಿಲಾದರೆ ರಕ್ತ ಚಿಮ್ಮುತ್ತದೆ. ನನ್ನ ಹೆಂಡತಿ ಅಂಗಡಿಯ ಎರಡು ಕಿಲೋ ಸಕ್ಕರೆಯ ಪ್ಲಾಸ್ಟಿಕ್ ಚೀಲ ತಂದು ಕೈಗೆ ತೊಡಿಸಿ, ಮೇಲೆ ಸಡಿಲಾಗಿ ಬಟ್ಟೆ ಸುತ್ತುತ್ತಿದ್ದಳು. ಫಿಸ್ಟುಲಾ ಕೈಗೆ ಬಿಗಿಯಾಗಿ ಏನೂ ಕಟ್ಟಬಾರದು, ಒಳಗೆ ಹೆಪ್ಪುಗಟ್ಟಿ ನಿಂತುಹೋಗುತ್ತದೆ. ಆ ಕೈ ಮೇಲೆತ್ತಿ ಹಿಡಿದು ಒಂದೇ ಕೈಯಲ್ಲಿ ಸ್ನಾನ. ಬಟ್ಟೆ ಸೋಪಿನ ನೀರಿನ ಬಕೀಟಿಗೆ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಶುಂಠಿ, ಮೆಣಸು, ಅರಿಶಿನದ ಕಷಾಯ ಲೋಟಗಟ್ಟಲೆ ಕುಡಿಯಬೇಕಂತೆ. ನನಗೆ ದಿನಕ್ಕೆ ಮುಕ್ಕಾಲು ಲೀಟರ್ ಮೇಲೆ ನೀರು ಇಲ್ಲ, ಅದರಲ್ಲೇ ಚಹಾ, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಸೇರಬೇಕು. ಕಷಾಯಕ್ಕೆ ಜಾಗ ಎಲ್ಲಿದೆ? ಎಳನೀರು ತಂದುಕೊಟ್ಟರು ಒಬ್ಬರು, ಪ್ರೀತಿಯಿಂದಲೇ. ಅದು ಪೊಟ್ಯಾಸಿಯಂನ ಗಡಿಗೆ. ನಮ್ಮೂರಿನ ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಗುರುತು, ಸಿಕ್ಕಿದೆ, ದೂರದೂರದಿಂದ ಕೇಳಿ ಒಯ್ಯುತ್ತಾರೆ. ಕಮಲಾಪುರದಲ್ಲಿ ಹುಟ್ಟಿ ಅದನ್ನು ನೋಡುತ್ತ ಕೂಡುವ ಪಾಡು ನನ್ನದು. ಶಕ್ತಿ ಬರಲಿ ಅಂತ ಒಂದು ಗೊನೆಯನ್ನೇ ಕಳಿಸಿದ್ದರು ಪಕ್ಕದ ಮನೆಯ ಅಕ್ಕಾರು. ಬಾಯಾರಿದಾಗ ಬಾಯಿ ಮುಕ್ಕಳಿಸಿ ಉಗುಳುವುದು, ಒಂದು ಸಣ್ಣ ಐಸ್ ತುಂಡು ಬಾಯಲ್ಲಿ ಇಟ್ಟುಕೊಳ್ಳುವುದು, ಉಪ್ಪು ಕಡಿಮೆ ಮಾಡುವುದು. ತರಕಾರಿ ಹೆಚ್ಚಿ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿ ಪಲ್ಯ ಮಾಡುವುದು. ನನಗೆ ಗೊತ್ತಿದ್ದ ದಾರಿ ಇಷ್ಟೇ. ಪುಂಡಿ ಪಲ್ಯಕ್ಕೆ ಮಾತ್ರ ಮನಸ್ಸು ಎಳೆಯುತ್ತಿತ್ತು. ಅದನ್ನೂ ಬಿಟ್ಟೆ.

2020ರ ಜುಲೈನಲ್ಲಿ ನಿಜವಾದ ಪರೀಕ್ಷೆ ಬಂತು. ಯೂನಿಟ್ಟಿನ ಟೆಕ್ನಿಷಿಯನ್ ಒಬ್ಬನಿಗೆ ಪಾಸಿಟಿವ್ ಬಂತು. ಔಷಧ ಹೊಡೆಯಬೇಕು, ಉಳಿದವರ ಸ್ವ್ಯಾಬ್ ಆಗಬೇಕು, ಶುಕ್ರವಾರದ ತನಕ ಬಂದ್ ಅಂದರು. ಶನಿವಾರ ಮಾಡಿಸಿಕೊಂಡು ಬಂದವನು ನಾನು, ಮಂಗಳವಾರದ್ದು ತಪ್ಪಿತು. ಬೇರೆ ಎರಡು ಕಡೆ ಕೇಳಿದೆವು, ನಮ್ಮ ಪೇಷಂಟುಗಳಿಗೇ ಜಾಗ ಇಲ್ಲ ಅಂದರು. ನೀರು ಅರ್ಧ ಲೀಟರಿಗೆ ಇಳಿಸಿದೆ. ಆದರೂ ಬುಧವಾರ ರಾತ್ರಿ ಮಲಗಿದರೆ ಉಸಿರು ಸಿಗುತ್ತಿಲ್ಲ. ಎದ್ದು ಕೂತರೆ ಸ್ವಲ್ಪ ಸಿಗುತ್ತದೆ. ಕೆಮ್ಮು ಬೇರೆ. ಆಕ್ಸಿಮೀಟರ್ ಬಲಗೈ ಬೆರಳಿಗೆ ಹಾಕಿದರೆ 90ರ ಆಸುಪಾಸು. ಮಗ ಮೇಲಿನ ಕೋಣೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ.

ಇದು ಡಯಾಲಿಸಿಸ್‌ನವರ ದೊಡ್ಡ ಗೊಂದಲ. ನೀರು ತುಂಬಿದರೂ ಉಸಿರು ಕಟ್ಟುತ್ತದೆ, ಕೊರೊನಾದಲ್ಲೂ ಕಟ್ಟುತ್ತದೆ. ಎರಡರಲ್ಲೂ ಕೆಮ್ಮು. ಸ್ಕ್ಯಾನ್‌ನಲ್ಲೂ ಎರಡೂ ಒಂದೇ ಥರ ಬಿಳಿ ಬಿಳಿ ಕಾಣಬಹುದು. ರಾತ್ರಿ ಜೀಪು ಹೊಡೆಸಿಕೊಂಡು ಕಲಬುರಗಿಗೆ ಹೋದೆವು. ಮೊದಲ ದವಾಖಾನೆಯಲ್ಲಿ ಗೇಟಿನಿಂದ ಒಳಗೇ ಬಿಡಲಿಲ್ಲ. "ಕೊರೊನಾ ರಿಪೋರ್ಟ್ ತರ್ರಿ, ಆಮ್ಯಾಲ ನೋಡೋಣು." ರಿಪೋರ್ಟ್ ಬರಲು ಕಡಿಮೆಯಂದರೂ ಒಂದು ದಿನ ಬೇಕು. ಅಷ್ಟು ಹೊತ್ತು ನನ್ನ ಎದೆ ತಡೆಯುತ್ತಿರಲಿಲ್ಲ. ಅನುಮಾನ ಇದ್ದವರಿಗೆ ಬೇರೆ ಜಾಗದಲ್ಲಿ ಮಾಡಿ ಅಂತ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಬಂದಿತ್ತಲ್ಲ. ಗೇಟಿನಲ್ಲಿ ನಿಂತು ಯಾರಿಗೆ ಓದಿ ಹೇಳುವುದು?

ಎರಡನೆಯ ಕಡೆ ಡ್ಯೂಟಿ ಡಾಕ್ಟರಮ್ಮ ಒಬ್ಬರಿದ್ದರು, ಚಿಕ್ಕ ವಯಸ್ಸು. ಪಿಪಿಇ ಕಿಟ್ಟಿನಲ್ಲಿ ಮುಖವೇ ಕಾಣಲಿಲ್ಲ. ನನ್ನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಗುಳಿ ಬಿತ್ತು, ಏಳಲಿಲ್ಲ. "ನಿಮ್ಮ ಡ್ರೈ ವೇಟ್ ಎಷ್ಟು?" ಡ್ರೈ ವೇಟ್ ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. ಹೆಂಡತಿ ಫೈಲಿನಿಂದ ಹಿಂದಿನ ಡಯಾಲಿಸಿಸ್ ಚೀಟಿ ತೆಗೆದುಕೊಟ್ಟಳು. ಅದರಲ್ಲಿ 58 ಅಂತ ಬರೆದಿತ್ತು. ಅಲ್ಲಿ ನಿಲ್ಲಿಸಿ ತೂಗಿದರೆ 62ರ ಮೇಲೆ. "ಕೊರೊನಾ ಇರಬಹುದು, ಇಲ್ಲದೇನೂ ಇರಬಹುದು. ನೀರಂತೂ ಇದೆ" ಅಂದು ಮೂಗಿನಿಂದ ಸ್ವ್ಯಾಬ್ ತೆಗೆದು, ರಿಪೋರ್ಟ್ ಕಾಯದೆ, ಹಿಂದಿನ ಬೇರೆ ಕೋಣೆಯಲ್ಲಿದ್ದ ಮಷೀನಿಗೆ ಹಚ್ಚಿಸಿದರು. ಮೂರನೇ ತಾಸಿಗೆ ದಿಂಬು ಒಂದೊಂದಾಗಿ ತೆಗೆಸಿದರು. ಬೆಳಗಿನ ಜಾವ ಸಪಾಟಾಗಿ ಮಲಗಿದ್ದೆ. ಮರುದಿನ ಸಂಜೆ ನೆಗೆಟಿವ್ ಬಂತು.

ಆ ರಾತ್ರಿ ನನ್ನನ್ನು ಉಳಿಸಿದ್ದರಲ್ಲಿ ಆ ಚೀಟಿಯ ಪಾಲೂ ಇದೆ. ಅಲ್ಲಿಂದ ಮುಂದೆ ಒಂದು ಪ್ಲಾಸ್ಟಿಕ್ ಫೋಲ್ಡರ್ ಬಾಗಿಲ ಹಿಂದಿನ ಮೊಳೆಗೆ ತೂಗಿತು. ಕೊನೆಯ ಡಯಾಲಿಸಿಸ್ ಚೀಟಿ, ಡ್ರೈ ವೇಟ್, ಹೆಪಟೈಟಿಸ್ ರಿಪೋರ್ಟು, ನುಂಗುವ ಮಾತ್ರೆಗಳ ಪಟ್ಟಿ, ಬೇರೆ ಯೂನಿಟ್ಟುಗಳ ನಂಬರು. ಹೆಪಟೈಟಿಸ್ ರಿಪೋರ್ಟ್ ಇಲ್ಲದೆ ಹೊಸ ಜಾಗದಲ್ಲಿ ಯಾವ ಮಷೀನಿಗೆ ಹಚ್ಚಬೇಕು ಅಂತ ಅವರಿಗೆ ತಿಳಿಯುವುದಿಲ್ಲ, ಅಲ್ವಾ.

ನಂತರ ಸ್ವಲ್ಪ ತಿಂಗಳು ನಮ್ಮ ಯೂನಿಟ್ಟಿನಲ್ಲಿ ಸಿಬ್ಬಂದಿ ಕಡಿಮೆಯಾಗಿ ಎಲ್ಲರಿಗೂ ವಾರಕ್ಕೆ ಎರಡೇ ಸಲ ಅಂದರು. ಉಪ್ಪಿಲ್ಲದ ಸಾರು ತಿಂದು ಕಳೆದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಲಸಿಕೆ ನಮ್ಮ ಪಾಲಿಗೆ 2021ರ ಮಾರ್ಚ್ 1ರಿಂದ ಶುರು. 60 ದಾಟಿದವರಿಗೆ, ಮತ್ತು 45 ದಾಟಿ ಪಟ್ಟಿಯಲ್ಲಿರುವ ಕಾಯಿಲೆ ಇದ್ದವರಿಗೆ. ಡಯಾಲಿಸಿಸ್ ಆ ಪಟ್ಟಿಯಲ್ಲಿತ್ತು, ಡಾಕ್ಟರ್ ಸಹಿ ಮಾಡಿದ ಸರ್ಟಿಫಿಕೇಟ್ ಬೇಕು. ಹೋಗಿ ನೋಡಿದರೆ ಅಲ್ಲೂ ಒಂದು ಬೆಂಚು, ಅಲ್ಲೂ ಆರು ಜನ! ಫೋಲ್ಡರ್ ಹಿಡಿದು ಹೊರಗೆ ನಿಂತು, ಮಧ್ಯಾಹ್ನ ಗದ್ದಲ ಕರಗಿದ ಮೇಲೆ ಒಳಗೆ ಹೋದೆ. ಡಯಾಲಿಸಿಸ್ ಇಲ್ಲದ ದಿನ, ಬಲಗೈಗೆ. ಫಿಸ್ಟುಲಾ ಕೈಗೆ ಚುಚ್ಚಲು ಬಂದ ಹುಡುಗಿಗೆ "ಆ ಕೈ ಬ್ಯಾಡಮ್ಮಾ" ಅಂದೆ. ನಮ್ಮ ಕಿಡ್ನಿ ಡಾಕ್ಟರ್ ಮೊದಲೇ ಹೇಳಿದ್ದರು, ಡಯಾಲಿಸಿಸ್‌ನವರಲ್ಲಿ ಲಸಿಕೆಯ ಬಲ ಬೇರೆಯವರಷ್ಟು ಬರುವುದಿಲ್ಲ, ಹಾಕಿಸಿಕೊಂಡೆ ಅಂತ ಮಾಸ್ಕ್ ಬಿಡಬೇಡಿ ಅಂತ. ಮೇ ತಿಂಗಳಲ್ಲಿ ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 12ರಿಂದ 16 ವಾರಕ್ಕೆ ಏರಿತು. ಅಷ್ಟರಲ್ಲಿ ನನಗೆ ಎರಡೂ ಆಗಿದ್ದವು. ನನ್ನ ಬಲಕ್ಕೆ ಮಲಗುತ್ತಿದ್ದ ಚಿತ್ತಾಪುರದ ಕಡೆಯ ಮಾಸ್ತರರಿಗೆ ಒಂದೂ ಆಗಿರಲಿಲ್ಲ. ಮಗಳ ಮದುವೆ ಮುಗಿಸಿ ಹಾಕಿಸಿಕೊಳ್ಳುತ್ತೇನೆ ಅಂದಿದ್ದರು. ಎರಡನೇ ಅಲೆಯಲ್ಲಿ ಹೋದರು. ಆ ಬೆಡ್ಡಿಗೆ ಮುಂದಿನ ವಾರವೇ ಬೇರೆಯವರು ಬಂದರು. ಪಾಳಿ ಕಾಯುವವರು ಯಾವಾಗಲೂ ಇರುತ್ತಾರೆ.

ಈಗ ಡಬ್ಬಿಗಳು ವಾಪಸ್ ಬಂದಿವೆ. ಬೆಂಚೂ ಒಳಗೆ ಬಂದಿದೆ. ನಾನು ತಿಂದೇ ಹೋಗುತ್ತೇನೆ, ಮಿಸ್ಡ್ ಕಾಲ್ ಬರುವ ತನಕ ಹೊರಗೇ ಕೂಡುತ್ತೇನೆ. ಕಿಡ್ನಿ ಡಾಕ್ಟರ್ ಹೇಳಿದ ಮೇಲೆ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದೇನೆ. ಮೊನ್ನೆ ಆಳಂದದ ಕಡೆಯಿಂದ ಹೊಸದಾಗಿ ಬರುತ್ತಿರುವ ಹುಡುಗನೊಬ್ಬ ಕೇಳಿದ, "ಕೊರೊನಾ ಹೋತಲ್ರೀ ಕಾಕಾ, ಇನ್ನೂ ಯಾಕ ಮಾಸ್ಕ್?" ಅವನ ಕುತ್ತಿಗೆಯಲ್ಲಿ ಲೈನ್ ಇತ್ತು, ಮೇಲಿನ ಪಟ್ಟಿ ಒಂದು ಕಡೆ ಬಿಚ್ಚಿ ಬೆವರಿಗೆ ಒದ್ದೆಯಾಗಿತ್ತು. ಮಾಸ್ಕಿನ ವಿಷಯ ಆಮೇಲೆ ಹೇಳ್ತೀನಿ, ಮೊದಲು ಈ ಪಟ್ಟಿ ಬದಲಿಸಿಕೊ ಅಂದೆ. ಹೆಪಟೈಟಿಸ್ ಇಂಜೆಕ್ಷನ್ ಶುರುವಾಗಿದೆಯಾ ಅಂತ ಕೇಳಿದರೆ, ಅದೇನು ಅಂದ. ಸಿಸ್ಟರ್ ಹತ್ತಿರ ಕರೆದುಕೊಂಡು ಹೋಗಿ ಹೆಸರು ಬರೆಸಿದೆ.